ಪ್ಯಾಕಪ್ಪನ ಬ್ಲಫ್

ಎಲೆ ಬಿದ್ದ ಮೇಲೆ ಒಂದೇ ಸಲ ನೋಡಬೇಕು, ಎರಡನೇ ಸಲ ಎತ್ತಿ ನೋಡಿದವನ ಗುಟ್ಟು ರಟ್ಟಾದ ಹಾಗೇ ಎಂದು ಫೋರ್ಮನ್ ಕಲಿಸಿದ್ದರು. ಅವನು ಆಗಲೇ ಮೂರು ಸಲ ನೋಡಿಯಾಗಿತ್ತು. ಎರಡು ಒಂಬತ್ತು, ಒಂದು ಇಸ್ಪೀಟು, ಇನ್ನೊಂದು ಆಟೀನು. ಬೋರಲು ಹಾಕಿದ ಮರುಕ್ಷಣವೇ ತಾನು ನೋಡಿದ್ದು ನಿಜವೋ ಸುಳ್ಳೋ ಎಂದು ಅನುಮಾನ ಬರುತ್ತಿತ್ತು, ಬೆರಳು ತಾನಾಗಿ ಎಲೆಯ ಮೂಲೆಗೆ ಹೋಗುತ್ತಿತ್ತು. ಲಿಫ್ಟ್ ಕಂಪನಿಯ ಡಿಪೋದ ಹಿಂದಿನ ಕೋಣೆಯಲ್ಲಿ ಊಟದ ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿ ಮೂವರು ಕೂತಿದ್ದರು: ಮೂವತ್ತು ವರ್ಷ ಗ್ರೀಸಿನಲ್ಲಿ ಕೈ ಕಪ್ಪು ಮಾಡಿಕೊಂಡ ಫೋರ್ಮನ್, ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟುಕೊಂಡೇ ಆಡುವ ಸ್ಟೋರ್ ಕೀಪರ್, ಮತ್ತು ಲಿಫ್ಟುಗಳ ತಪಾಸಣೆಗೆ ತಿರುಗುವ ಅವನು. ದುಡ್ಡಿಟ್ಟು ಆಡುವ ಹಾಗಿರಲಿಲ್ಲ, ಅದಕ್ಕೆ ಸ್ಟೋರಿನ ಹಿತ್ತಾಳೆ ವಾಷರುಗಳು. ತಲೆಗೆ ಎರಡೆರಡು ಎಲೆ ಗುಟ್ಟಾಗಿ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಬಹಿರಂಗವಾಗಿ. ನಿನ್ನದೂ ನಡುವಿನದೂ ಸೇರಿಸಿ ಒಳ್ಳೆಯ ಐದು ಯಾರದೋ ಅವರು ಗೆದ್ದರು. ನಡುವಿನ ಎಲೆಗಳು ಬಿಚ್ಚುತ್ತ ಹೋದಂತೆ ವಾಷರು ಏರಿಸುತ್ತ ಹೋಗಬೇಕು, ಧೈರ್ಯವಿಲ್ಲದವನು ಎಲೆ ಕೆಳಗಿಟ್ಟು ಪ್ಯಾಕ್ ಎನ್ನಬೇಕು. ಇಷ್ಟೇ ಆಟ. ಅವನ ಬಲಗೈ ಮಾತ್ರ ಪ್ಯಾಂಟಿನ ಜೇಬಿನಲ್ಲಿತ್ತು. ಅಲ್ಲಿ ಹಳೆಯ ಬನಿಯನ್ನಿನ ತುಂಡೊಂದು ಮುದುಡಿಕೊಂಡಿತ್ತು. ಅದರ ಹರಿದ ಜಾಗಕ್ಕೆ ಬೆರಳು ತಗುಲಿದಾಗಲೆಲ್ಲ ಹಿಂದಕ್ಕೆ ಸರಿಯುತ್ತಿತ್ತು, ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಫೋರ್ಮನ್ನರ ಪ್ರಕಾರ ಪೋಕರ್ ಎಂದರೆ ಎಲೆಗಿಂತ ಹೆಚ್ಚಾಗಿ ಮನುಷ್ಯನ ಗುಣ. ಹತ್ತು ಕೈ ಬಂದರೆ ಏಳೆಂಟನ್ನು ಬಿಡಬೇಕು, ಬಿಡುವುದರಲ್ಲಿ ಅವಮಾನವಿಲ್ಲ. ಆದರೆ ಉಳಿದ ಎರಡು ಮೂರನ್ನು ಹುಲಿಯ ಹಾಗೆ ಆಡಬೇಕು. ಅವರಿವರು ಏರಿಸಿದ್ದಕ್ಕೆಲ್ಲ ಹೂಂಗುಟ್ಟುತ್ತ ಹಿಂದೆ ಹಿಂದೆ ಹೋಗುವವನು ಉದ್ಧಾರವಾಗುವುದಿಲ್ಲ. ಕೊನೆಗೆ ಮಾತಾಡುವವನಿಗೆ ಲಾಭ, ಯಾಕೆಂದರೆ ಉಳಿದವರ ಮುಖವನ್ನು ಅವನು ಅಷ್ಟರಲ್ಲಿ ಓದಿರುತ್ತಾನೆ. ಮತ್ತು ಆಗೊಮ್ಮೆ ಈಗೊಮ್ಮೆ ಕೈಯಲ್ಲಿ ಏನೂ ಇಲ್ಲದೆಯೂ ಏರಿಸಬೇಕು, ಇಲ್ಲದಿದ್ದರೆ ನೀನು ಏರಿಸಿದ ದಿನ ಎಲ್ಲರೂ ಎಲೆ ಎಸೆದು ಎದ್ದು ಹೋಗುತ್ತಾರೆ. ಈ ಪಾಠಗಳಲ್ಲಿ ಅವನಿಗೆ ಹತ್ತಿದ್ದು ಮೊದಲನೆಯದು ಮಾತ್ರ. ಬಿಡುತ್ತಿದ್ದ. ಎಕ್ಕದ ಜೋಡಿ ಬಂದಾಗಲೂ ಎದುರಿನವರು ಕೆಮ್ಮಿದರೆ ಬಿಡುತ್ತಿದ್ದ. ಆದರೂ ಪ್ಯಾಕಪ್ಪ ಎಂಬ ಹೆಸರು ಅವನಿಗೆ ಬಂದದ್ದು ಎಲೆಯಿಂದಲ್ಲ, ಹಗ್ಗದಿಂದ. ಲಿಫ್ಟಿನ ಉಕ್ಕಿನ ಹಗ್ಗ ಸವೆದಿದೆಯೇ ಎಂದು ತಿಳಿಯಲು ಹಳೆಯ ಬಟ್ಟೆಯೊಂದನ್ನು ಹಗ್ಗಕ್ಕೆ ಸುತ್ತಿ ಹಿಡಿದು ಲಿಫ್ಟನ್ನು ನಿಧಾನಕ್ಕೆ ಓಡಿಸುತ್ತಾರೆ, ಎಲ್ಲಾದರೂ ಒಂದು ತಂತಿ ಕಡಿದು ಮೇಲೆದ್ದಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ನಾಲ್ಕು ತಿಂಗಳ ಹಿಂದೆ ಬಟ್ಟೆ ಅಂಗಡಿಯೊಂದರಲ್ಲಿ ಹಾಗೆ ಸಿಕ್ಕಿಕೊಂಡಿತ್ತು. ಅವನು ಹಿಂದೆ ಮುಂದೆ ನೋಡದೆ ಲಿಫ್ಟು ನಿಲ್ಲಿಸಿದ, ಅಂಗಡಿಯವರು ಇಡೀ ದಿನ ಬೊಬ್ಬೆ ಹೊಡೆದರು, ಸಂಜೆ ಫೋರ್ಮನ್ ಬಂದು ಸೀಮೆಎಣ್ಣೆ ಹಚ್ಚಿ ಉಜ್ಜಿದರೆ ಅದು ಒಣಗಿದ ಗ್ರೀಸಿಗೆ ಅಂಟಿಕೊಂಡಿದ್ದ ಗೋಣಿನಾರು. ಅದೇ ಬಟ್ಟೆಯನ್ನು ಎಲ್ಲರೆದುರು ಎತ್ತಿ ಹಿಡಿದು, ನೋಡಿ ಪ್ಯಾಕಪ್ಪನ್ನ, ನಮ್ಮ ಹುಡುಗ ಹಗ್ಗ ನೋಡಿ ಹಾವು ಅಂದಿದಾನೆ ಎಂದರು. ನಲವತ್ತೊಂದು ವರ್ಷದ ಹುಡುಗ. ಕೌಂಟರಿನ ಹಿಂದಿದ್ದ ಹೆಂಗಸರು ನಕ್ಕಿದ್ದರು, ಅವನೂ ನಕ್ಕಿದ್ದ, ನಗದಿದ್ದರೆ ಇನ್ನೂ ಕೆಟ್ಟದಾಗಿ ಕಾಣುತ್ತದಲ್ಲ ಎಂದು.

ಸ್ಟೋರ್ ಕೀಪರ್ ನಡುವಿನ ಮೂರು ಎಲೆ ಬಿಚ್ಚಿದ. ಕಳಾವರ್ ಒಂಬತ್ತು, ರಾಜ, ನಾಲ್ಕು. ಅವನ ಕೈಯಲ್ಲಿ ಈಗ ಮೂರು ಒಂಬತ್ತು. ಇಂಥ ಕೈ ವಾರಕ್ಕೊಮ್ಮೆಯೂ ಬರುವುದಿಲ್ಲ, ಏರಿಸು ಎಂದು ಪಾಠ ಹೇಳುತ್ತಿತ್ತು. ಆದರೆ ಅವನ ಲೆಕ್ಕ ಬೆಳಗ್ಗೆ ನೋಡಿ ಬಂದ ಲಿಫ್ಟಿನ ಕಡೆ ಓಡುತ್ತಿತ್ತು. ಹಗ್ಗ ನಾಲ್ಕು. ಸಿಕ್ಕಿಕೊಂಡದ್ದು ಎರಡರಲ್ಲಿ. ಎರಡೂ ಹೋದರೂ ಇನ್ನೆರಡಿವೆ. ಅವೂ ಹೋದರೆ ಕ್ಯಾಬಿನ್ನಿನ ಕೆಳಗೆ ಕಂಬಿಯನ್ನು ಕಚ್ಚಿ ಹಿಡಿಯುವ ಕಬ್ಬಿಣದ ದವಡೆಗಳಿವೆ. ದವಡೆಗಳ ಪರೀಕ್ಷೆ ಎರಡು ಸಲ ಮುಂದಕ್ಕೆ ಹೋಗಿತ್ತು, ನಿಜ, ಆದರೆ ಪರೀಕ್ಷೆ ಆಗಿಲ್ಲ ಎಂದರೆ ಹಿಡಿಯುವುದಿಲ್ಲ ಎಂದೇನೂ ಅಲ್ಲ. ನೂರಕ್ಕೆ ತೊಂಬತ್ತೊಂಬತ್ತು ಪಾಲು ಏನೂ ಆಗುವುದಿಲ್ಲ. ಬೆಳಗ್ಗೆ ಒಂಬತ್ತೂವರೆಗೆ ಆ ಎಂಟು ಮಹಡಿಯ ಕಟ್ಟಡದ ತಾರಸಿಯ ಬಾಗಿಲು ತೆಗೆದುಕೊಟ್ಟ ವಾಚ್‌ಮನ್, ಇವತ್ತೂ ನಿಲ್ಲಿಸ್ತೀರಾ ಸಾರ್, ಎಂದು ಕೇಳಿದ್ದ. ಬಟ್ಟೆ ಅಂಗಡಿಯ ಕತೆ ಅಲ್ಲಿಯವರೆಗೆ ಹೇಗೆ ಬಂತೋ, ವಾಚ್‌ಮನ್‌ಗಳಿಗೆ ಎಲ್ಲ ಗೊತ್ತಿರುತ್ತದೆ. ಕೇಳಿದ್ದು ತಮಾಷೆಗೆ, ಹಲ್ಲು ಬಿಟ್ಟು, ಅದರಲ್ಲಿ ಕೆಡುಕೇನೂ ಇರಲಿಲ್ಲ. ಅವನು ಮೆಷಿನ್ ರೂಮಿಗೆ ಹೋಗಿ ಬಟ್ಟೆ ಸುತ್ತಿ ಹಿಡಿದ. ಒಂದನೇ ಹಗ್ಗ ಸರ್ರನೆ ಹೋಗುತ್ತ ಹೋಗುತ್ತ ಒಂದು ಕಡೆ ಬಟ್ಟೆಯನ್ನು ಎಳೆಯಿತು. ಮೂರನೇ ಹಗ್ಗ ಅದೇ ಜಾಗದಲ್ಲಿ ಬಟ್ಟೆಯನ್ನು ಹರಿದೇ ಹಾಕಿತು. ನಿಯಮ ಅವನಿಗೆ ಬಾಯಿಪಾಠ: ಸಿಕ್ಕಿಕೊಂಡ ಜಾಗದಲ್ಲಿ ಒಂದು ಗೇಣಿಗೆ ಸೀಮೆಸುಣ್ಣದ ಗುರುತು ಹಾಕು, ಭೂತಗನ್ನಡಿ ಹಿಡಿ, ಕಡಿದ ತಂತಿ ಎಣಿಸು, ಆರು ದಾಟಿದರೆ ನಿಲ್ಲಿಸು. ಗುರುತು ಹಾಕಿದ. ಭೂತಗನ್ನಡಿಯನ್ನು ಚೀಲದಿಂದ ಹೊರಗೆ ತೆಗೆದ. ಎಣಿಸಿದರೆ ಒಂದು ಸಂಖ್ಯೆ ಸಿಗುತ್ತದೆ, ಸಿಕ್ಕ ಸಂಖ್ಯೆಯನ್ನು ಬರೆಯಬೇಕಾಗುತ್ತದೆ. ಎಣಿಸದಿದ್ದರೆ ಅದು ಗೋಣಿನಾರೂ ಆಗಿರಬಹುದು. ಒಂದ್ಸಲ ಆದ್ರೂ ಗಂಡಸಿನ ಹಾಗೆ ಆಡೋ ಪ್ಯಾಕಪ್ಪ ಎಂದು ಹಿಂದಿನ ದಿನವಷ್ಟೇ ಫೋರ್ಮನ್ ವಾಷರುಗಳನ್ನು ಬಾಚಿಕೊಳ್ಳುತ್ತ ಹೇಳಿದ್ದರು. ಭೂತಗನ್ನಡಿಯನ್ನು ಹಾಗೇ ಚೀಲಕ್ಕೆ ಹಾಕಿ, ಮೀಟರಿನ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡು, ಕ್ಯಾಬಿನ್ನಿನೊಳಗೆ ತೂಗುಹಾಕುವ ತಪಾಸಣೆ ಕಾರ್ಡಿನಲ್ಲಿ ಹಗ್ಗ ಸರಿ ಇದೆ ಎಂದು ಬರೆದು ಸಹಿ ಹಾಕಿದ. ಸಹಿ ಎಂದೂ ಅಷ್ಟು ಅಂದವಾಗಿ ಬಂದಿರಲಿಲ್ಲ. ಕೆಳಗೆ ಬಂದಾಗ ವಾಚ್‌ಮನ್ ಸಲಾಮು ಹೊಡೆದ, ಎದೆ ಒಂದು ಕ್ಷಣ ಉಬ್ಬಿತು, ನಿಜವಾಗಿ ಸಂತೋಷವಾಗಿತ್ತು.

ಫೋನು ಹೊಡೆದುಕೊಂಡಿತು. ಹೆಂಡತಿ. ಅಮ್ಮನ ಹಲ್ಲಿನ ಸೆಟ್ಟು ಬಂದಿದೆಯಂತೆ, ಡಾಕ್ಟರು ಎರಡು ಗಂಟೆಗೆ ಬರಹೇಳಿದ್ದಾರೆ, ಆಟೋ ಹತ್ತಿದ್ದೇವೆ ಎಂದು ಒಂದೇ ಉಸಿರಿಗೆ ಹೇಳಿದಳು. ಯಾವ ಡಾಕ್ಟರು ಎಂದು ಅವನು ಕೇಳಲಿಲ್ಲ. ಅದೇ ಕಟ್ಟಡದ ಆರನೇ ಮಹಡಿಯ ಆ ಹಲ್ಲಿನ ಡಾಕ್ಟರನ್ನು ಅತ್ತೆಗೆ ತೋರಿಸಿಕೊಟ್ಟವನೇ ಅವನು, ನಮ್ಮದೇ ಲಿಫ್ಟು, ನೀವು ಮಂಡಿ ನೋಯಿಸಿಕೊಳ್ಳಬೇಕಾಗಿಲ್ಲ ಎಂದು ಜಂಬದಿಂದ ಹೇಳಿದ್ದ.

"ರೀ, ಅಲ್ಲಿ ಲಿಫ್ಟ್ ನಡೀತಿದೆ ತಾನೇ? ಆರು ಮಹಡಿ ಅಮ್ಮನ ಕೈಲಿ ಹತ್ತೋಕಾಗಲ್ಲ. ಇಲ್ಲ ಅಂದ್ರೆ ಇಲ್ಲಿಂದ್ಲೇ ವಾಪಸ್ ಹೋಗ್ತೀವಿ."

ಫೋರ್ಮನ್ ಎದುರಿಗೇ ಕೂತಿದ್ದರು. ಎಲೆಯ ಮೇಲಿಂದ ಅವರ ಕಣ್ಣು ಅವನ ಮೇಲಿತ್ತು, ಆಡುವಾಗ ಯಾರ ಮೇಲೂ ಇರುವಷ್ಟೇ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅವನ ಕೈ ಜೇಬಿನಲ್ಲಿ ಬಟ್ಟೆಯ ತುಂಡನ್ನು ಹಿಡಿದುಕೊಂಡಿತು. ಬೇಡ, ವಾಪಸ್ ಹೋಗಿ ಎನ್ನಲು ಮೂರು ಮಾತು ಸಾಕಿತ್ತು. ಯಾಕೆ ಎಂದು ಅವಳು ಕೇಳುತ್ತಾಳೆ, ಉತ್ತರವನ್ನು ಫೋರ್ಮನ್ ಕೇಳಿಸಿಕೊಳ್ಳುತ್ತಾರೆ.

"ನಡೀತಿದೆ," ಎಂದ. "ಬೆಳಗ್ಗೆ ನಾನೇ ನೋಡಿದೀನಿ."

ಫೋನನ್ನು ಎಲೆಗಳ ಪಕ್ಕ ಬೋರಲು ಹಾಕಿದ. ಹೀಗೆ ಸುಳ್ಳು ಹೇಳುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ಇಷ್ಟು ವರ್ಷ ಯಾಕೆ ಬರೀ ವಾಷರು ಸೋಲುತ್ತಿದ್ದೆ ಎಂಬ ಹುಚ್ಚು ಯೋಚನೆಯೂ ಬಂತು. ನಾಲ್ಕನೇ ಎಲೆ ಬಿತ್ತು, ಎರಡು. ಫೋರ್ಮನ್ ತಮ್ಮ ಮುಂದಿದ್ದ ವಾಷರುಗಳ ಗುಡ್ಡೆಯನ್ನು ಎರಡೂ ಕೈಯಿಂದ ನಡುವಿಗೆ ತಳ್ಳಿದರು, ಅವು ಜಾರಿ ಬಿದ್ದ ಸದ್ದಿಗೆ ಅವನು ಬೆಚ್ಚಿದ. ಸ್ಟೋರ್ ಕೀಪರ್ ಕೂಡಲೇ ಪ್ಯಾಕ್ ಎಂದ. ನೋಡ್ತೀಯೋ ಬಿಡ್ತೀಯೋ ಎಂದು ಫೋರ್ಮನ್ ಕೇಳಿದರು. ಗೋಡೆಯ ಗಡಿಯಾರ ಒಂದೂ ನಲವತ್ತು ತೋರಿಸುತ್ತಿತ್ತು. ಆಟೋ ದೊಡ್ಡ ರಸ್ತೆಗೆ ಬಂದಿರಬೇಕು. ಅತ್ತೆ ಇಳಿಯುವಾಗ ಚಾಲಕನ ಹೆಸರು, ಮಕ್ಕಳೆಷ್ಟು, ಎಲ್ಲ ಕೇಳಿಕೊಂಡೇ ಇಳಿಯುವವರು, ಅಲ್ಲೊಂದೆರಡು ನಿಮಿಷ. ಅವನು ಪ್ಯಾಕ್ ಎಂದು ಎದ್ದು ನಿಂತ. ಬಿಟ್ಟ ಎಲೆಯನ್ನು ಯಾರೂ ಮುಟ್ಟಬಾರದೆಂಬುದು ಆ ಮೇಜಿನ ಕಟ್ಟುನಿಟ್ಟು, ಆದರೂ ಸ್ಟೋರ್ ಕೀಪರ್ ತಡೆಯಲಾರದೆ ಮಗುಚಿ ನೋಡಿ ತಲೆ ಚಚ್ಚಿಕೊಂಡ, ಮೂರು ಒಂಬತ್ತು ಇಟ್ಕೊಂಡು ಬಿಟ್ಯಲ್ಲೋ ಮಾರಾಯ. ಫೋರ್ಮನ್ ಹೊಟ್ಟೆ ಹಿಡಿದುಕೊಂಡು ನಗುತ್ತ ತಮ್ಮ ಎಲೆ ತೋರಿಸಿದರು. ಏಳು ಮತ್ತು ಗುಲಾಮ. ಏನೂ ಇರಲಿಲ್ಲ. ಏನೂ ಇಲ್ಲದೆ ಗೆದ್ದಿದ್ದರು. ಸೋತಿದ್ದರೂ ಅವರಿಗೆ ಹೋಗುತ್ತಿದ್ದದ್ದು ವಾಷರು, ನಾಳೆ ಸ್ಟೋರಿನಿಂದ ಮತ್ತೊಂದು ಹಿಡಿ ತಂದುಕೊಳ್ಳುತ್ತಿದ್ದರು. ಅವನಿಗೆ ಆಗಲೇ ಎಲ್ಲ ಹೇಳಿಬಿಡಬೇಕೆನ್ನಿಸಿತು. ಹೇಳಿದ್ದು ಹೊಟ್ಟೆ ಸರಿಯಿಲ್ಲ ಸಾರ್, ಸ್ವಲ್ಪ ಹೊರಗೆ ಹೋಗಿ ಬರ್ತೀನಿ ಎಂದು.

ಸ್ಕೂಟರು ಹತ್ತುವ ಮುಂಚೆ ಹೆಂಡತಿಗೆ ಫೋನು ಮಾಡಿದ, ಎತ್ತಲಿಲ್ಲ. ಮತ್ತೆ ಮಾಡಿದ. ಫೋನು ಅವಳ ಚೀಲದ ತಳದಲ್ಲಿರುತ್ತದೆ, ಅದರ ಮೇಲೆ ಅತ್ತೆಯ ಕನ್ನಡಕದ ಡಬ್ಬಿ, ನೀರಿನ ಬಾಟಲಿ, ಮಾತ್ರೆಯ ಪೊಟ್ಟಣ. ವಾಚ್‌ಮನ್‌ನ ನಂಬರೂ ಇತ್ತು. ಅವನಿಗೆ ಒಂದು ಮಾತು, ಲಿಫ್ಟಿನ ಸ್ವಿಚ್ ಆರಿಸು ಎಂದರೆ ಮುಗಿದುಹೋಗುತ್ತಿತ್ತು, ಯಾರೂ ಎಲ್ಲಿಗೂ ಓಡಬೇಕಾಗಿರಲಿಲ್ಲ. ಹೆಬ್ಬೆರಳು ಆ ಹೆಸರಿನ ಮೇಲೆ ನಿಂತಿತು. ಬೆಳಗ್ಗೆ ಸಲಾಮು ಹೊಡೆದವನು ಈಗ ಹಲ್ಲು ಬಿಡುತ್ತಾನೆ, ಸಂಜೆಯೊಳಗೆ ಎಂಟೂ ಮಹಡಿಗೆ ಸುದ್ದಿ ಹಂಚುತ್ತಾನೆ. ನಾನೇ ಹತ್ತು ನಿಮಿಷದಲ್ಲಿ ಹೋಗುತ್ತೇನಲ್ಲ ಎಂದು ಫೋನು ಜೇಬಿಗೆ ಹಾಕಿದ. ಹಾಕಿದವನೇ ತನ್ನ ಬಗ್ಗೆ ಅಸಹ್ಯಪಟ್ಟ, ಅಸಹ್ಯಪಡುತ್ತಲೇ ಗಾಡಿ ಓಡಿಸಿದ. ಇನ್ನೊಂದು ವಿಷಯ ಸಿಗ್ನಲ್ಲಿನಲ್ಲಿ ನಿಂತಾಗ ಹೊಳೆಯಿತು. ಬೆಳಗಿನಿಂದ ಆ ಲಿಫ್ಟಿನಲ್ಲಿ ಹತ್ತಿದವರು ಇಳಿದವರು ಯಾರೂ ಅವನ ಲೆಕ್ಕದಲ್ಲಿರಲಿಲ್ಲ. ನೂರಕ್ಕೆ ತೊಂಬತ್ತೊಂಬತ್ತು ಎಂದು ಸಮಾಧಾನ ಮಾಡಿಕೊಂಡಾಗ ಉಳಿದ ಆ ಒಂದಕ್ಕೆ ಮುಖವಿರಲಿಲ್ಲ. ಈಗ ಅದಕ್ಕೆ ಅತ್ತೆಯ ಮುಖ ಬಂದಿತ್ತು, ಹಲ್ಲಿಲ್ಲದ ಬಾಯಿ, ಪಕ್ಕದಲ್ಲಿ ಚೀಲ ಹಿಡಿದ ಹೆಂಡತಿ. ಮುಖ ಬಂದ ಮೇಲಷ್ಟೇ ಅವನು ಎದ್ದು ಬಂದದ್ದು. ಹಿಂದಿನ ಗಾಡಿಯವನು ಹಾರ್ನ್ ಹೊಡೆದ, ಹಸಿರು ಬಿದ್ದು ಎಷ್ಟು ಹೊತ್ತಾಗಿತ್ತೋ.

ಕಟ್ಟಡದ ಬಾಗಿಲಲ್ಲಿ ವಾಚ್‌ಮನ್ ಎದ್ದು ನಿಂತ. ಹೆಂಡತಿ, ಅತ್ತೆ ಬಂದರೇ ಎಂದು ಅವನನ್ನು ಕೇಳುವ ಧೈರ್ಯ ಬರಲಿಲ್ಲ. ಲಿಫ್ಟಿನ ಬಾಗಿಲ ಮೇಲಿನ ಕೆಂಪು ಅಂಕಿ ಓಡುತ್ತಿತ್ತು, ಎರಡು, ಮೂರು. ಗುಂಡಿ ಒತ್ತಿ ಕಾಯಬಹುದಿತ್ತು, ಬೇಗ ಮೇಲೆ ತಲುಪಬಹುದಿತ್ತು. ಅವನು ಮೆಟ್ಟಿಲು ಹತ್ತತೊಡಗಿದ. ತಾನು ಸಹಿ ಹಾಕಿದ ಲಿಫ್ಟಿಗೆ ತಾನು ಕಾಲಿಡಲಾರೆ ಎಂಬುದು ಮೂರನೇ ಮಹಡಿಯಲ್ಲಿ ಅರ್ಥವಾಗಿ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಒಂದೊಂದು ಮಹಡಿಯಲ್ಲೂ ಗೋಡೆಯಾಚೆಯಿಂದ ಆ ಸದ್ದು, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಇಷ್ಟು ವರ್ಷ ಅದೊಂದು ಸದ್ದೆಂದೇ ಅವನಿಗೆ ಅನ್ನಿಸಿರಲಿಲ್ಲ. ಆರನೇ ಮಹಡಿಯಲ್ಲಿ ಹಲ್ಲಿನ ಡಾಕ್ಟರ ಗಾಜಿನ ಬಾಗಿಲೊಳಗೆ ಇಣುಕಲು ನಿಲ್ಲಲಿಲ್ಲ. ಮೆಷಿನ್ ರೂಮಿನ ಬೀಗಕ್ಕೆ ಕೀಲಿಕೈ ಎರಡು ಸಲ ತಪ್ಪಿತು. ಒಳಗೆ ಮೋಟಾರು ಬೆಚ್ಚಗೆ ಗುನುಗುತ್ತಿತ್ತು, ನಾಲ್ಕೂ ಹಗ್ಗಗಳು ಚಕ್ರದ ಮೇಲೆ ಹರಿಯುತ್ತಿದ್ದವು, ನೋಡಲು ಎಲ್ಲ ಸರಿಯಾಗಿಯೇ ಇತ್ತು. ಮೇನ್ ಸ್ವಿಚ್ ಎಳೆದ. ದಡ್ ಎಂದು ಬ್ರೇಕು ಕಚ್ಚಿತು, ಚಕ್ರ ನಿಂತಿತು. ಆಮೇಲೆ ಕೆಳಗಿನ ಕತ್ತಲೆಯಿಂದ ಬಡಿಯುವ ಸದ್ದು ಬಂತು, ಯಾರೋ ಕೂಗಿದರು. ಉಸಿರು ಹಿಡಿದು ಕೇಳಿಸಿಕೊಂಡ. ಗಂಡಸಿನ ದನಿ. ಅಬ್ಬ, ನಮ್ಮವರಲ್ಲ ಎಂದು ಬಾಯಿಂದ ಬಂದೇ ಬಿಟ್ಟಿತು. ಗಟ್ಟಿಯಾಗಿಯೇ ಬಂತು. ಆ ಸಣ್ಣ ಕೋಣೆಯಲ್ಲಿ ಅದನ್ನು ಕೇಳಲು ಅವನೊಬ್ಬನೇ ಇದ್ದ.

ಸಿಕ್ಕಿಕೊಂಡವರನ್ನು ಇಳಿಸುವುದು ಇಬ್ಬರ ಕೆಲಸ, ಒಬ್ಬ ಬ್ರೇಕಿನ ಹಿಡಿ ಸಡಿಲಿಸಬೇಕು, ಇನ್ನೊಬ್ಬ ಕೈಚಕ್ರ ತಿರುಗಿಸಬೇಕು. ಅವನು ಎಡಗೈಯಲ್ಲಿ ಹಿಡಿ ಒತ್ತಿ ಬಲಗೈಯಲ್ಲಿ ಚಕ್ರ ತಿರುಗಿಸಿದ. ಹೆದರಬೇಡಿ, ಬಂದಿದೀನಿ ಎಂದು ಕೂಗಿದ, ದನಿ ಯಾರದೋ ಅನ್ನಿಸಿತು. ಕ್ಯಾಬಿನ್ ಐದನೇ ಮಹಡಿಗಿಂತ ಮಾರುದ್ದ ಮೇಲೆ ನಿಂತಿತ್ತು, ಇಳಿಸಬೇಕಾದದ್ದು ಅಷ್ಟೇ. ಕಾಲು ಸುತ್ತು ತಿರುಗಿಸಿದ, ನಿಲ್ಲಿಸಿದ, ಮತ್ತೆ ಕಾಲು ಸುತ್ತು. ಒಬ್ಬ ಮನುಷ್ಯನ ತೂಕ ಕಬ್ಬಿಣದ ಚಕ್ರದಿಂದ ಹತ್ತಿ ಅವನ ಮಣಿಕಟ್ಟಿಗೆ ಬರುತ್ತಿತ್ತು. ಆಗ ಸೀಮೆಸುಣ್ಣದ ಗುರುತು ನೆಲದ ಕಿಂಡಿಯಿಂದ ಮೇಲೆದ್ದು ಚಕ್ರದ ಕಡೆಗೆ ಸಾಗಿತು. ಬೆಳಗ್ಗೆ ತಾನೇ ಹಾಕಿದ ಗುರುತು. ಅದರ ಕೆಳಗೆ ಮೂರನೇ ಹಗ್ಗ ಹಳೆಯ ಚಾಪೆಯ ಅಂಚಿನ ಹಾಗೆ ಬಿಚ್ಚಿಕೊಂಡಿತ್ತು. ಭೂತಗನ್ನಡಿ ಬೇಕಾಗಿರಲಿಲ್ಲ, ಬಾಗಿಲಲ್ಲಿ ನಿಂತಿದ್ದರೂ ಕಾಣುತ್ತಿತ್ತು. ಹಗ್ಗ ಚಕ್ರದ ಮೇಲೆ ಬಗ್ಗುವಾಗ ಒಂದು ತಂತಿ ಟಿಕ್ ಎಂದು ಕಡಿದು ನೆಟ್ಟಗೆ ನಿಂತಿತು. ಇನ್ನು ಎರಡು ಕಾಲು ಸುತ್ತು. ಇಳಿಸಿ, ಬ್ರೇಕು ಬಿಗಿದು, ಐದನೇ ಮಹಡಿಗೆ ಓಡಿ ಬಾಗಿಲು ತೆಗೆದಾಗ ಕನ್ನಡಕದ ಅಂಗಡಿಯ ಪೊಟ್ಟಣ ಎದೆಗವಚಿಕೊಂಡ ವಯಸ್ಸಾದವರೊಬ್ಬರು ಹೊರಗೆ ಬಂದು ಅವನ ಎರಡೂ ಕೈ ಹಿಡಿದುಕೊಂಡರು. "ದೇವರ ಹಾಗೆ ಬಂದ್ರಿ ಸ್ವಾಮಿ," ಎಂದರು. ಅವರ ಹಿಂದೆ, ಕ್ಯಾಬಿನ್ನಿನ ಗೋಡೆಯ ಮೇಲೆ, ಅವನ ಅಂದವಾದ ಸಹಿ ಇದ್ದ ಕಾರ್ಡು ಇನ್ನೂ ಸಣ್ಣಗೆ ತೂಗುತ್ತಿತ್ತು.

ವಾಪಸು ಮೇಲೆ ಹೋಗಿ ಎಣಿಸಿದ. ಒಂದನೇ ಹಗ್ಗದಲ್ಲಿ ಒಂಬತ್ತು, ಮೂರನೆಯದರಲ್ಲಿ ಹದಿನೇಳು. ಎರಡೆರಡು ಸಲ ಎಣಿಸಿ ಫೋರ್ಮನ್ನರಿಗೆ ಫೋನು ಮಾಡಿದ. ಹೊಟ್ಟೆ ಹೇಗಿದೆಯೋ ಎಂದು ಅವರು ನಗುತ್ತಲೇ ಕೇಳಿದರು. ಲಿಫ್ಟು ನಿಲ್ಲಿಸಿದ್ದೇನೆ ಎಂದಾಗ, ಮತ್ತೆ ಹಾವೇನೋ ಎಂದರು. ಅವನು ಎರಡು ಸಂಖ್ಯೆ ಹೇಳಿದ. ಆ ಕಡೆ ವಾಷರುಗಳನ್ನು ಡಬ್ಬಿಗೆ ತುಂಬುತ್ತಿದ್ದ ಸದ್ದು ನಿಂತಿತು.

"ಬೆಳಗ್ಗೆ ಎಷ್ಟಿತ್ತು?"

ಸೀಮೆಎಣ್ಣೆ ಹಚ್ಚಿ ಉಜ್ಜಿದರೂ ಹೋಗದ ಪ್ರಶ್ನೆ. ಬೆಳಗ್ಗೆ ಐದಿತ್ತು ಸಾರ್ ಎಂದು ಹೇಳಬಹುದಿತ್ತು. ಐದು ಎಂದರೆ ನಿಯಮದೊಳಗೇ ಬರುತ್ತದೆ, ಕಾರ್ಡಿನಲ್ಲಿ ಬರೆದದ್ದೂ ಸರಿಯಾಗುತ್ತದೆ, ಯಾರೂ ಮಗುಚಿ ನೋಡಲಾರರು. ಐದು ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು.

"ಎಣಿಸಲಿಲ್ಲ ಸಾರ್. ಬಟ್ಟೆ ಸಿಕ್ಕಿಕೊಂಡಿತ್ತು. ಎಣಿಸದೇ ಸಹಿ ಹಾಕ್ದೆ."

ಫೋರ್ಮನ್ ಬಯ್ಯುತ್ತಾರೆಂದು ಕಾದ. ಅವರು, ಬರ್ತೀನಿ, ಕಾರ್ಡ್ ಮುಟ್ಟಬೇಡ ಎಂದಷ್ಟೇ ಹೇಳಿ ಇಟ್ಟರು. ಅವರ ದನಿಯಲ್ಲಿದ್ದದ್ದು ಸಿಟ್ಟಲ್ಲ, ಹೆದರಿಕೆ. ಮೂವತ್ತು ವರ್ಷದ ಕೈ ಹೆದರಿದ್ದನ್ನು ಅವನು ಮೊದಲ ಸಲ ಕೇಳಿದ್ದು. ಬೀಗ ಹಾಕುವ ಮುನ್ನ ಅಭ್ಯಾಸಬಲದಿಂದ ಮೀಟರು ನೋಡಿದ. ಲಿಫ್ಟು ಎಷ್ಟು ಸಲ ಓಡಿತೆಂದು ತಾನೇ ಎಣಿಸಿಕೊಳ್ಳುವ ಸಣ್ಣ ಮೀಟರು, ಅದಕ್ಕೆ ಹೆದರಿಕೆಯೂ ಇಲ್ಲ, ಮರ್ಯಾದೆಯೂ ಇಲ್ಲ. ಬೆಳಗ್ಗೆ ಪುಸ್ತಕದಲ್ಲಿ ಬರೆದ ಅಂಕಿಯನ್ನು ಅದರಿಂದ ಕಳೆದ. ಇನ್ನೂರ ಹದಿನಾಲ್ಕು. ಇನ್ನೂರ ಹದಿನಾಲ್ಕು ಸಲ ಅವನು ಕೈಯಲ್ಲಿ ಏನೂ ಇಲ್ಲದೆ ಗೆದ್ದಿದ್ದ. ಎದುರು ಕೂತವರಿಗೆ ತಾವು ಆಡುತ್ತಿದ್ದೇವೆಂಬುದೂ ಗೊತ್ತಿರಲಿಲ್ಲ, ಏನು ಒಡ್ಡಿದ್ದೇವೆಂಬುದೂ ಗೊತ್ತಿರಲಿಲ್ಲ.

ಆರನೇ ಮಹಡಿಯಲ್ಲಿ ಹೆಂಡತಿ ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಕಾಯುತ್ತಿದ್ದಳು. ಎರಡಕ್ಕೆ ಹತ್ತು ನಿಮಿಷ ಮೊದಲೇ ಬಂದರಂತೆ, ಲಿಫ್ಟು ಕೂಡಲೇ ಸಿಕ್ಕಿತಂತೆ, ಹಲ್ಲು ಕೂರಿಸಲು ಐದೇ ನಿಮಿಷವಾಯಿತಂತೆ, ಈಗ ನೋಡಿದರೆ ಲಿಫ್ಟು ಕೆಟ್ಟಿದೆಯಂತೆ. ಅವನನ್ನು ಕಂಡು ಅವಳಿಗೆ ಆಶ್ಚರ್ಯವಾಯಿತು, ಸಮಾಧಾನವೂ ಆಯಿತು. ಮೆಟ್ಟಿಲು ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಅತ್ತೆ ಅವನ ಹೆಗಲ ಮೇಲೆ ಕೈಯಿಟ್ಟು ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು. ಅವರ ಪೂರ್ತಿ ಭಾರ ಆ ಕೈಯಲ್ಲಿತ್ತು. ಹೊಸ ಹಲ್ಲು ಬಾಯಿಗೆ ಇನ್ನೂ ಒಗ್ಗಿರಲಿಲ್ಲ, ಆದರೂ ಮಾತು ನಿಲ್ಲಲಿಲ್ಲ: ಹಲ್ಲು ಬಂತು, ಇನ್ನು ಕಡಲೆ ತಂದುಕೊಡೋದು ನಿಮ್ಮ ಜವಾಬ್ದಾರಿ ಅಳಿಯಂದ್ರೇ. ಹೆಂಡತಿ ನಕ್ಕಳು. ಅವನಿಗೂ ನಗು ಬಂದಂತಾಯಿತು, ಈ ಮೆಟ್ಟಿಲು ಹೀಗೇ ಇಳಿದು ಮುಗಿದರೆ ಸಾಕು, ಅವರಿಬ್ಬರು ಆಟೋ ಹತ್ತಿ ಮನೆಗೆ ಹೋದರೆ ಸಾಕು, ಫೋರ್ಮನ್ ಬಂದಮೇಲೆ ಏನಾಗುವುದೋ ಅದು ಡಿಪೋದ ವಿಷಯ. ಮೂರನೇ ಮಹಡಿಯ ತಿರುವಿನಲ್ಲಿ ಅತ್ತೆ ಉಸಿರು ತೆಗೆದುಕೊಳ್ಳಲು ನಿಂತರು.

"ಹತ್ತುವಾಗ ಎಷ್ಟು ಚೆನ್ನಾಗಿತ್ತು," ಎಂದರು. "ಒಂಚೂರೂ ಅಲುಗಾಡಲಿಲ್ಲ. ನಮ್ಮ ಅಳಿಯಂದ್ರು ನೋಡ್ಕೊಳ್ಳೋ ಲಿಫ್ಟು ಅಂತ ಡಾಕ್ಟರಿಗೂ ಹೇಳ್ದೆ. ಅಷ್ಟರಲ್ಲಿ ಅದಕ್ಕೇನು ಬಂತು?"

ಇನ್ನೂರ ಹದಿನಾಲ್ಕರಲ್ಲಿ ಅವರದು ಎಷ್ಟನೆಯದೋ. ಅವನು ಅವರ ಕಾಲಿನ ಕಡೆ ನೋಡಿದ, ಸವೆದ ಚಪ್ಪಲಿ, ಊದಿದ ಪಾದ.

"ಚೆನ್ನಾಗಿರಲಿಲ್ಲ ಅತ್ತೆ. ಹಗ್ಗ ಕಡಿದಿತ್ತು. ಬೆಳಗ್ಗೇನೇ ಗೊತ್ತಿತ್ತು ನಂಗೆ."

ಎರಡು ಮೆಟ್ಟಿಲು ಕೆಳಗಿದ್ದ ಹೆಂಡತಿ ಹಾಗೇ ನಿಂತಳು, ತಿರುಗಿ ನೋಡಲಿಲ್ಲ. ಫೋನಿನಲ್ಲಿ ಅವನಾಡಿದ ಮಾತು ಅವಳ ಬೆನ್ನಿನಲ್ಲಿ ಕಾಣುತ್ತಿತ್ತು. ಅತ್ತೆ ಅವನ ಹೆಗಲ ಮೇಲಿದ್ದ ಕೈಯನ್ನು ಮೆಲ್ಲನೆ ತೆಗೆದು, ಪಕ್ಕದ ಕಬ್ಬಿಣದ ಕಂಬಿಯನ್ನು ಹಿಡಿದುಕೊಂಡರು. ಇನ್ನೂ ಮೂರು ಮಹಡಿ ಇಳಿಯಬೇಕಾಗಿತ್ತು.